ಹದಿನಾಲ್ಕು ತಿಂಗಳು ಗಾಳಿ ಸರಿಯಿರಲಿಲ್ಲ

ಮಾರ್ಚ್ ೪

ಚಿ. ಭಾಮೈದನಿಗೆ ಆಶೀರ್ವಾದ.

ನಾನು ಆರೋಗ್ಯ. ರಕ್ತದೊತ್ತಡ ಮಿತಿಯೊಳಗಿದೆ. ದೋಣಿಯೂ ಆರೋಗ್ಯ.

ವಿಷಯಕ್ಕೆ ಬರುತ್ತೇನೆ. ನಮ್ಮ ಬಂದರಿನ ಹೂಳು ತೆಗೆಯುತ್ತಾರಂತೆ. ಏಪ್ರಿಲ್ ಮೂವತ್ತರೊಳಗೆ ಸಣ್ಣ ದೋಣಿಗಳೆಲ್ಲ ಜಾಗ ಖಾಲಿ ಮಾಡಬೇಕೆಂದು ಕಚೇರಿ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ನೋಟೀಸಿನಲ್ಲಿ ಎರಡು ತಪ್ಪಿದ್ದವು. ತಿದ್ದಿ ಬಂದಿದ್ದೇನೆ.

ಮಗಳಿಗೆ ಫೋನಿನಲ್ಲಿ ತಿಳಿಸಿದೆ. ಅವಳು ತಾನು ಕ್ರೇನ್ ನಡೆಸುವ ಬಂದರಿನಲ್ಲಿ, ಕ್ರೇನ್ ಮೇಲೆ ಕೂತೇ ಮಾತಾಡಿದಳು. "ಅಪ್ಪಾ, ಅಮ್ಮ ಹೋದಾಗಿನಿಂದ ಆ ದೋಣೀನ ಕಟ್ಟಿಹಾಕಿದೀಯ. ಹದಿನಾಲ್ಕು ತಿಂಗಳು ಕಟ್ಟಿಹಾಕಿದ್ದು ದೋಣಿಯಲ್ಲ, ಬೆಂಚು. ಒಂದೇ ದಿನದಲ್ಲಿ, ಹಾಯಿ ಬಿಚ್ಚಿ, ಯಾರ ಹತ್ರಾನೂ ಎಳೆಸಿಕೊಳ್ಳದೆ, ನನ್ನ ಪಾಳಿ ಮುಗಿಯೋದ್ರೊಳಗೆ ಇಲ್ಲಿಗೆ ತಾ. ಇಲ್ಲಿ ಜಾಗ ಕೊಡಿಸ್ತೀನಿ. ಆಗಲ್ಲ ಅಂದ್ರೆ ಆ ಹೆದ್ದಾರಿ ಹೋಟೆಲಿನವರು ಕೇಳ್ತಾನೇ ಇದಾರಲ್ಲ, ಕೊಟ್ಟುಬಿಡು." ಅವಳ ಪಾಳಿ ಮುಗಿಯುವುದು ಸಂಜೆ ಆರಕ್ಕೆ.

ಹೋಟೆಲಿನವನಿಗೆ ದೋಣಿ ಬೇಕಾಗಿರುವುದು ಬಾಗಿಲ ಮುಂದಿಟ್ಟು, ಮಣ್ಣು ತುಂಬಿ, ಹೂಗಿಡ ಬೆಳೆಸುವುದಕ್ಕೆ. ನಿನ್ನಕ್ಕ 'ನಿಧಾನ' ಎಂದು ಹೆಸರಿಟ್ಟ ದೋಣಿಯಲ್ಲಿ ಸೇವಂತಿಗೆ ಅರಳುವುದನ್ನು ನಾನು ನೋಡಲಾರೆ.

ಆದ್ದರಿಂದ ನಾನೇ ಒಯ್ಯುತ್ತೇನೆ. ಇಷ್ಟು ದಿನ ಹೊರಡದಿದ್ದದ್ದು ಗಾಳಿ ಸರಿಯಿಲ್ಲದ ಕಾರಣ, ಬೇರೇನೂ ಅಲ್ಲ. ಹಗ್ಗ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಇಲ್ಲಿಯ ಹಾಯಿದೋಣಿ ಕ್ಲಬ್ಬಿನವರು ತಾವು ಬರುತ್ತೇವೆಂದರು. ಅವರಿಗೆ ಗೊತ್ತಿರುವುದು ಜಾಸ್ತಿ, ಬೇಡವೆಂದೆ. ನಿನಗೆ ಸಮುದ್ರದ ವಿಷಯ ಏನೇನೂ ಗೊತ್ತಿಲ್ಲ. ಅದಕ್ಕೇ ನಿನ್ನನ್ನು ಕರೆಯುತ್ತಿದ್ದೇನೆ. ಏಪ್ರಿಲ್ ೧೯, ಭಾನುವಾರ.

ಇತಿ,
ಭಾವ


ಮಾರ್ಚ್ ೧೧

ಪೂಜ್ಯ ಭಾವನವರಿಗೆ, ಅಂದರೆ ಮಹಾಕಪ್ತಾನರಿಗೆ, ಸಾಷ್ಟಾಂಗ ನಮಸ್ಕಾರ.

ಐವತ್ತೆಂಟರಲ್ಲೂ ನನ್ನನ್ನು ಚಿರಂಜೀವಿ ಎಂದು ಕರೆದು, ಅದೇ ಕಾಗದದಲ್ಲಿ ಸಮುದ್ರಕ್ಕೆ ಆಹ್ವಾನಿಸಿದ್ದೀರಿ. ಎರಡರಲ್ಲಿ ಒಂದು ಸುಳ್ಳಾಗಬೇಕು.

ನನ್ನ ಅಜ್ಞಾನವನ್ನು ಮೆಚ್ಚಿದವರು ಇದುವರೆಗೆ ನಮ್ಮ ವಾರಪತ್ರಿಕೆಯ ಸಂಪಾದಕರೊಬ್ಬರೇ ಇದ್ದರು. ಅವರು ಅದನ್ನು ಪ್ರತಿ ಗುರುವಾರ ಅಚ್ಚು ಹಾಕುತ್ತಾರೆ. ಈಗ ನೀವು ಎರಡನೆಯವರು. ನಿಮ್ಮ ಊರಿನ ಗಾಳಿಯ ಬಗ್ಗೆ ಮಾತ್ರ ನನಗೆ ಕನಿಕರ. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಸರಿಯಿರಲಿಲ್ಲವೇ? ನಮ್ಮಲ್ಲಿ ಗಾಳಿ ಇಷ್ಟು ಹಟ ಮಾಡಿದ್ದರೆ ಮಹಡಿಯ ಕೆಳಗಿನ ಇಸ್ತ್ರಿ ಅಂಗಡಿಯವನು ಬಟ್ಟೆ ಒಣಗಿಸಲಾಗದೆ ಊರು ಬಿಟ್ಟಿರುತ್ತಿದ್ದ.

ಇನ್ನೊಂದು ಸಂಶಯ. ನೀವು ಮೂವತ್ತೊಂದು ವರ್ಷ ಲಿಫ್ಟ್ ತಪಾಸಣೆ ಮಾಡಿದವರು. ಮೇಲೆ ಹೋಗುವುದು, ಕೆಳಗೆ ಬರುವುದು, ಎರಡೂ ನಿಮಗೆ ಕರತಲಾಮಲಕ. ಆದರೆ ದೋಣಿ ಅಡ್ಡಡ್ಡ ಹೋಗುತ್ತದಲ್ಲ? ಕೆಳಗೆ ಹೋಗುವ ವಿದ್ಯೆಯನ್ನು ಮಾತ್ರ ಆ ದಿನ ಪ್ರದರ್ಶಿಸಬೇಡಿ.

ನನ್ನ ಸಿದ್ಧತೆ ಜೋರಾಗಿ ಸಾಗಿದೆ. ಅಟ್ಟದಿಂದ ಹಳೆಯ ಟ್ರಂಕು ಇಳಿಸಿ ಮೂರು ದಿನದಿಂದ ಹುಡುಕುತ್ತಿದ್ದೇನೆ. ಸಮುದ್ರಕ್ಕೆ ತಕ್ಕ ಉಣ್ಣೆಯಂಗಿ ಅದರಲ್ಲಿ ಇತ್ತೆಂದು ನೆನಪು. ಇನ್ನೂ ಸಿಕ್ಕಿಲ್ಲ, ಬೇರೆ ಏನೇನೋ ಸಿಗುತ್ತಿದೆ. ಓದುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಹೋಗುವಾಗ ದಡ ನಮ್ಮ ಬಲಗಡೆ ಇರುತ್ತದೋ, ಎಡಗಡೆಯೋ? ಯಾವ ಕೆನ್ನೆಗೆ ಬಿಸಿಲು ಬೀಳುತ್ತದೆಂದು ತಿಳಿದರೆ ಟೋಪಿ ಆರಿಸಲು ಅನುಕೂಲ.

ನಿಮ್ಮ ಅಜ್ಞಾನಿ,
ಭಾಮೈದ


ಮಾರ್ಚ್ ೧೮

ಚಿ. ಭಾಮೈದನಿಗೆ,

ದಡ ಬಲಕ್ಕೆ. ಅಂಗಿ ಓದುವ ವಸ್ತುವಲ್ಲ.

ಸಿದ್ಧತೆ ಪೂರ್ಣಗೊಂಡಿದೆ. ಹಗ್ಗಗಳನ್ನೆಲ್ಲ ಬದಲಿಸಿದ್ದೇನೆ. ಹಾಯಿಯ ಹರಕನ್ನು ಕೊಡೆ ರಿಪೇರಿಯವನ ಹತ್ತಿರ ಹೊಲಿಸಿದ್ದೇನೆ, ಎರಡು ಸಾಲು. ಲಂಗರಿನ ಸರಪಳಿಯ ಕೊಂಡಿ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದ್ದೇನೆ. ಎಂಜಿನ್ ಒಂದಿದೆ, ಅದನ್ನು ನಂಬಬೇಡ. ಹೊರಡುವುದು ಬೆಳಿಗ್ಗೆ ಆರಕ್ಕೆ. ದೋಣಿಯಲ್ಲಿ ಕಪ್ತಾನನ ಮಾತೇ ಕೊನೆ. ಹಾಸ್ಯ ಮಾಡುವುದಿದ್ದರೆ ದಡ ಸೇರಿದ ಮೇಲೆ.

ದಾರಿಯ ಬಗ್ಗೆ ನೀನು ಯೋಚಿಸಬೇಡ. ದಾರಿ ನನಗೆ ಬಾಯಿಪಾಠ. ಹದಿನೇಳು ಸಲ ಹೋಗಿದ್ದೇವೆ.

ಮೊನ್ನೆ ಹೋಟೆಲಿನವನು ಟೇಪು ಹಿಡಿದು ಬಂದಿದ್ದ. ನಾನು ದೋಣಿಯಲ್ಲಿ ಕೂತಿರುವಾಗಲೇ ಉದ್ದ ಅಳೆದ. ಇಪ್ಪತ್ತೆರಡು ಅಡಿ. "ಸಾರ್, ಹಾಯಿ ಕಂಬ ಕುಯ್ದುಬಿಟ್ರೆ ನಮ್ಮ ಗೇಟೊಳಗೆ ಹಿಡಿಯುತ್ತೆ," ಎಂದ. ನಾನು ಕಂಬಕ್ಕೆ ಒರಗಿ ಕೂತೆ. "ನೀವು ಬೇಕಾದಾಗ ಬಂದು ಕೂತ್ಕೊಬಹುದು ಸಾರ್, ಒಳಗೆ. ಗಿಡಕ್ಕೆ ಜಾಗ ಬಿಟ್ಟು," ಎಂದ. ಒಳ್ಳೆಯ ಮನುಷ್ಯ. ಅದೇ ಕಷ್ಟ.

ಇತಿ,
ಭಾವ


ಮಾರ್ಚ್ ೨೬

ಮಹಾಕಪ್ತಾನರಿಗೆ ನಮಸ್ಕಾರ.

ಹದಿನೆಂಟರ ಸಂಜೆಯ ರೈಲಿಗೆ ಇಳಿಯುತ್ತೇನೆ. ಸಂಪಾದಕರಿಗೆ ರಜೆ ಕೇಳಿದೆ. "ಸಮುದ್ರಕ್ಕೆ ಹೋಗ್ತೀಯಾ? ಹೋಗು. ವಾಪಸ್ ಬರಲಿಲ್ಲ ಅಂದ್ರೆ ಇರಲಿ, ಎರಡು ಗುರುವಾರದ ಕಂತು ಮುಂಚೇನೇ ಬರೆದಿಟ್ಟು ಹೋಗು," ಎಂದರು. ಅವರ ದುಃಖ ಎಷ್ಟು ದೀರ್ಘವಾಗಿರುತ್ತದೆಂದು ತಿಳಿಯಿತು. ಹದಿನಾಲ್ಕು ದಿನ.

ನಿಮ್ಮ ಊರಿನ ತೀರದಲ್ಲಿ ಒಂದು ನೀರಿನ ಟ್ಯಾಂಕು ಇತ್ತಲ್ಲ, ಇಟ್ಟಿಗೆ ಕಾರ್ಖಾನೆಯ ಚಿಮಣಿಯ ಹತ್ತಿರ? ಈಗಲೂ ಇದೆಯೇ? ಸುಮ್ಮನೆ ಕೇಳಿದೆ. ಅಂಕಣಕ್ಕೆ ಸ್ಥಳವರ್ಣನೆ ಬೇಕಾಗುತ್ತದೆ.

ಉಣ್ಣೆಯಂಗಿ ಸಿಗಲಿಲ್ಲ.

ಭಾಮೈದ


ಏಪ್ರಿಲ್ ೨

ಯಾವ ಟ್ಯಾಂಕು? ಸಮುದ್ರಕ್ಕೆ ಹೋಗುವವನಿಗೆ ನೀರಿನ ಟ್ಯಾಂಕು ಯಾತಕ್ಕೆ? ಬಿಸ್ಕತ್ತು ತಾ. ಉಪ್ಪಿನದು ಬೇಡ.

ಭಾವ


ಏಪ್ರಿಲ್ ೨೪

ಪೂಜ್ಯ ಭಾವನವರಿಗೆ,

ಊರು ಸೇರಿ ಮೂರು ದಿನವಾದರೂ ಮನೆಯ ನೆಲ ಇನ್ನೂ ತೂಗುತ್ತಿದೆ. ನಿನ್ನೆ ಇಸ್ತ್ರಿಯವನು, "ಏನ್ ಸಾರ್, ಬೆಳಬೆಳಿಗ್ಗೆನೇ ಗೋಡೆ ಹಿಡ್ಕೊಂಡು ಮೆಟ್ಟಿಲು ಇಳೀತಿದೀರಾ?" ಎಂದ. ಸಮುದ್ರದಿಂದ ಬಂದೆ ಎಂದೆ. "ಎಲ್ರೂ ಏನೋ ಒಂದು ಹೇಳ್ತಾರೆ ಬಿಡಿ," ಎಂದ.

ಅಂಕಣದ ಕರಡನ್ನು ಇಲ್ಲೇ ಇಳಿಸಿದ್ದೇನೆ. ನೀವು ಒಪ್ಪಿದರೆ ಅಚ್ಚಿಗೆ ಹೋಗುತ್ತದೆ.

'ಬೆಳಿಗ್ಗೆ ಆರಕ್ಕೆ ನಿಧಾನ ಬಂದರು ಬಿಟ್ಟಿತು. ಇಪ್ಪತ್ತೆರಡು ಅಡಿಯೊಳಗೆ ಇಬ್ಬರು ನೆಂಟರು ಜಗಳವಾಡಲು ಬೇಕಾದಷ್ಟು ದೂರ ಸಿಗುವುದಿಲ್ಲ. ಆದ್ದರಿಂದ ಇಬ್ಬರೂ ಸಜ್ಜನರಾದೆವು. ಕಪ್ತಾನರು ಚುಕ್ಕಾಣಿ ಹಿಡಿದು, ಲಿಫ್ಟಿನ ಕೇಬಲ್ಲು ಎಲ್ಲಾದರೂ ಸವೆದಿದೆಯೇ ಎಂದು ನೋಡುವವರಂತೆ ದಿಗಂತವನ್ನು ದುರುಗುಟ್ಟುತ್ತಿದ್ದರು. ನನಗೊಂದು ಹಗ್ಗ ಒಪ್ಪಿಸಲಾಗಿತ್ತು. ಅದು ಯಾತರ ಹಗ್ಗವೆಂದು ಇಂದಿಗೂ ನನಗೆ ತಿಳಿಯದು. ಆದರೆ ಅಷ್ಟು ನಿಷ್ಠೆಯಿಂದ ನಾನು ಏನನ್ನೂ ಹಿಡಿದಿಲ್ಲ.

'ಅಲೆತಡೆ ಗೋಡೆ ದಾಟಿದೊಡನೆ ಕಪ್ತಾನರು ಚುಕ್ಕಾಣಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸತೊಡಗಿದರು. ಮುಂದೆ ನೀರಿನಡಿ ಬಂಡೆಗಳಿವೆ ಎನ್ನುವುದು ಹೇಗೋ ನನ್ನಂಥವನ ಕಿವಿಗೂ ಬಿದ್ದಿತ್ತು. ಬಾಯಿ ಸುಮ್ಮನಿರದ ಜಾತಿ ನನ್ನದು. "ಏನ್ ಭಾವ," ಎಂದೆ, "ಆ ನೀರಿನ ಟ್ಯಾಂಕು ಚಿಮಣಿ ಹಿಂದೆ ಬಚ್ಚಿಟ್ಟುಕೊಳ್ತಾ ಇದೆಯಲ್ಲ, ಯಾಕೆ?"

'ಕಪ್ತಾನರು ನನ್ನನ್ನು ಒಮ್ಮೆ ನೋಡಿದರು. ಚುಕ್ಕಾಣಿ ತಿರುಗಿತು. ದೋಣಿ ಹೊರಗಡಲಿಗೆ ವಾಲಿತು. ಬಂಡೆಗಳು ಬಲಗಡೆ ನೊರೆ ಉಗುಳುತ್ತಾ ಹಿಂದಾದವು. ಐದು ನಿಮಿಷದ ಮೇಲೆ ಉತ್ತರ ಬಂತು: "ಟ್ಯಾಂಕಿಗೇನು ಕೆಲಸ, ಬಚ್ಚಿಟ್ಟುಕೊಳ್ಳುತ್ತೆ."

'ಒಂಬತ್ತೂವರೆಗೆ ಇನ್ನೊಂದು ಪೆದ್ದು ಪ್ರಶ್ನೆ ಕೇಳಿದೆ: "ಆ ಎರಡು ಗುಡ್ಡ ಒಂದೇ ಆಗಿಹೋದ್ವಲ್ಲ ಭಾವ?" ಮತ್ತೆ ದೋಣಿ ತಿರುಗಿತು. ಹನ್ನೆರಡಕ್ಕೆ ಬಿಸ್ಕತ್ತು. ಉಪ್ಪಿನದಲ್ಲ. ದೂರದಲ್ಲಿ ಬಂದರಿನ ಕ್ರೇನು ಬೆಂಕಿಕಡ್ಡಿಯಷ್ಟು ಕಂಡಿತು. ಇನ್ನೇನು ಬಂದೇಬಿಟ್ಟೆವು ಎಂದುಕೊಂಡೆವು. ಎರಡೂಕಾಲಕ್ಕೆ, ವಾಸ್ತುಶಿಲ್ಪದಲ್ಲಿ ನನಗೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿ, "ಆ ಹಳದಿ ಮನೆ ನೋಡಿ ಭಾವ, ದೀಪಸ್ತಂಭದ ಹಿಂದಕ್ಕೆ ಎಷ್ಟು ನಾಜೂಕಾಗಿ ಸರೀತು, ಅಲ್ವಾ?" ಎಂದೆ.

'ದೋಣಿ ದಡದ ಕಡೆ ತಿರುಗಿತು. ನೂರು ಮಾರು ಹೋಯಿತು. ಆಮೇಲೆ, ದೊಡ್ಡ ಹೊಟ್ಟೆಯವರು ಸೋಫಾದ ಮೇಲೆ ಕೂರುವ ಸದ್ದಿನೊಂದಿಗೆ, ಮರಳ ದಿಬ್ಬದ ಮೇಲೆ ಕೂತಿತು. ಸಮುದ್ರದ ಇಳಿತದ ಹೊತ್ತು. ನೋಡನೋಡುತ್ತಿದ್ದಂತೆ ನೀರು ನಮ್ಮನ್ನು ಬಿಟ್ಟು ಹೊರಟುಹೋಯಿತು.

'ಮೀನು ಹಿಡಿಯುವ ದೋಣಿಯೊಂದು ಹತ್ತಿರ ಬಂತು. "ಯಜಮಾನ್ರೇ, ಹಗ್ಗ ಬಿಸಾಕ್ತೀನಿ, ಹಿಡ್ಕೊಳ್ಳಿ! ಇನ್ನೂ ಒಂದಿಷ್ಟು ನೀರಿದೆ, ಎಳೆದುಬಿಡ್ತೀನಿ!" ಎಳೆಸಿಕೊಂಡರೆ ಮಗಳ ಕರಾರು ಮುರಿಯಿತು, ಸೇವಂತಿಗೆ ಗೆದ್ದಿತು. ಕಪ್ತಾನರು ಎದ್ದು ನಿಂತು, "ಬೇಡಪ್ಪಾ, ನಾವು ಬೇಕಂತ್ಲೇ ನಿಂತಿದೀವಿ," ಎಂದರು.

'"ಮರಳ ಮೇಲಾ?"

'"ಇಲ್ಲಿಂದ ನೋಟ ಚೆನ್ನಾಗಿದೆ. ಆ ಹಳದಿ ಮನೆ ನೋಡ್ತಾ ಇದೀವಿ."

'"ಅದಾ? ಅದು ಹೋದ ವರ್ಷ ಬಳಿದಿದ್ದು. ಹಳೇ ಹಳದಿ ಮನೆ ಅದಲ್ಲ ಯಜಮಾನ್ರೇ. ಅದೋ ನೋಡಿ, ಎರಡು ಮನೆ ಆಚೆ, ಈಗ ಬಿಳೀ ಬಳಿದಿದಾರೆ. ಅದನ್ನ ನೋಡ್ಕೊಂಡು ತಿರುಗಿದ್ರೆ ಆರಾಮ ಹೋಗ್ತಿದ್ರಿ." ಅವನು ನಗುತ್ತಾ ಹೋದ. ಬಹಳ ದೂರ ಹೋಗುವವರೆಗೂ ನಗು ಕೇಳಿಸಿತು. ನೀರಿನ ಮೇಲೆ ಸದ್ದು ಚೆನ್ನಾಗಿ ಹರಿಯುತ್ತದೆ.

'ಕಪ್ತಾನರು ಚಮಚಕ್ಕೆ ದಾರ ಕಟ್ಟಿ ತೂಗುಬಿಟ್ಟು, "ಹನ್ನೆರಡು ಡಿಗ್ರಿ ವಾಲಿದೆ. ಲಿಫ್ಟಾಗಿದ್ದರೆ ಬೀಗ ಹಾಕಿಸ್ತಿದ್ದೆ," ಎಂದರು. ಚಹಾ ಮಾಡಿದರು, ಅದೂ ಹನ್ನೆರಡು ಡಿಗ್ರಿ ವಾಲಿತ್ತು. ಸುಮಾರು ಮೂರು ಗಂಟೆ ಕೂತೆವು. ಇಬ್ಬರೂ ಗಡಿಯಾರ ನೋಡಲಿಲ್ಲ, ಅಂದರೆ ಒಬ್ಬರು ನೋಡುವಾಗ ಇನ್ನೊಬ್ಬರು ನೋಡಲಿಲ್ಲ. ಐದೂ ಹತ್ತಕ್ಕೆ ನೀರು ವಾಪಸು ಬಂದು, ಏನೂ ಆಗಲೇ ಇಲ್ಲವೆಂಬಂತೆ ನಮ್ಮನ್ನು ಎತ್ತಿಕೊಂಡಿತು.

'ಮಗಳ ಬಂದರಿಗೆ ತಾಗಿದಾಗ ಆರೂ ಮೂವತ್ತೈದು. ಕರಾರಿನ ಪ್ರಕಾರ ಸೋತಿದ್ದೆವು. ನಾನು ಕಟ್ಟೆಗೆ ಹಗ್ಗ ಸುತ್ತಿದ ಮೇಲೆ, ಕ್ರೇನಿನ ಏಣಿಯಿಂದ ಹಳದಿ ಟೋಪಿಯೊಂದು ನಿಧಾನವಾಗಿ ಇಳಿಯತೊಡಗಿತು. ಕಪ್ತಾನರು ಕಾದು ನಿಂತು, "ಮೂವತ್ತೈದು ನಿಮಿಷ ತಡ. ನಿಯಮ ನಿಯಮವೇ," ಎಂದರು. "ಏನು ತಡ? ನಾನು ಕೆಳಗಿಳಿದಾಗಲ್ವಾ ಅಪ್ಪ ಪಾಳಿ ಮುಗಿಯೋದು," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಮಾವ, ಮೇಲಿಂದ ಎಲ್ಲಾ ಕಾಣ್ಸುತ್ತೆ. ಮೂರು ಗಂಟೆ ಅಲ್ಲೇನ್ ಮಾಡ್ತಿದ್ರಿ?" ಎಂದಳು. ಮನೆ ನೋಡ್ತಿದ್ವಿ ಎಂದೆ.

'ಹೀಗೆ ಒಬ್ಬ ನುರಿತ ಕಪ್ತಾನ, ಒಬ್ಬ ಮೂಢನನ್ನು ಹೊತ್ತುಕೊಂಡೂ, ಒಂದೇ ದಿನದಲ್ಲಿ ದೋಣಿಯನ್ನು ದಡ ಸೇರಿಸಿದ.'

ಹೇಗಿದೆ?

ಭಾಮೈದ


ಮೇ ೪

ಚಿ. ಭಾಮೈದನಿಗೆ,

ಅಚ್ಚು ಹಾಕಿಸು. ಒಂದು ತಿದ್ದುಪಡಿ. ಕೊನೆಯ ವಾಕ್ಯದಲ್ಲಿ 'ನುರಿತ ಕಪ್ತಾನ' ಎಂದಿದೆ. ತೆಗೆ.

ಕಾರಣ ಬರೆಯುತ್ತೇನೆ. ನನಗೆ ಉದ್ದ ಬರೆದು ಅಭ್ಯಾಸವಿಲ್ಲ. ನನ್ನ ಅತಿ ದೀರ್ಘ ವರದಿ ಎರಡು ಪುಟದ್ದು, ಅದರಲ್ಲೂ ಒಂದು ಪುಟ ನಕ್ಷೆ.

ನಿನ್ನಕ್ಕ ಹೋದ ಇಪ್ಪತ್ತನೆಯ ದಿನ ನಾನು ಒಬ್ಬನೇ ದೋಣಿ ಬಿಚ್ಚಿದ್ದೆ. ಅಲೆತಡೆ ಗೋಡೆ ದಾಟಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೈಗೆ ಚುಕ್ಕಾಣಿ ಗೊತ್ತು, ಹಾಯಿ ಗೊತ್ತು. ಯಾವಾಗ ತಿರುಗಿಸುವುದೆಂದು ಗೊತ್ತಿಲ್ಲ. ದೋಣಿಯಲ್ಲಿ ಸದ್ದೇ ಇರಲಿಲ್ಲ. ಹತ್ತು ನಿಮಿಷಕ್ಕೆ ವಾಪಸು ಬಂದೆ. ಕಟ್ಟೆಯ ಮೇಲಿದ್ದವರು ಕೇಳಿದರು, ಗಾಳಿ ಸರಿಯಿಲ್ಲ ಎಂದೆ. ಆವತ್ತಿನಿಂದ ಅದನ್ನೇ ಹೇಳುತ್ತಾ ಬಂದೆ. ಏನು ಕಡಿಮೆಯಾಗಿದೆ ಎಂಬುದು ಆಗಲೂ ಹೊಳೆಯಲಿಲ್ಲ. ತಪಾಸಣೆ ಮಾಡಿದೆ, ಉಪಕರಣವೆಲ್ಲ ಸರಿಯಿತ್ತು.

ನಿನ್ನನ್ನು ಕರೆದದ್ದು ನೀನು ನನ್ನನ್ನು ಕಂಡುಹಿಡಿಯಲಾರೆ ಎಂಬ ಧೈರ್ಯದಿಂದ. ತಪ್ಪಿದರೂ ನಿನಗೆ ತಪ್ಪೆಂದು ತಿಳಿಯುತ್ತಿರಲಿಲ್ಲ ಎಂದುಕೊಂಡೆ.

ನೀನು ಟ್ಯಾಂಕಿನ ವಿಷಯ ಕೇಳಿದಾಗ ನಾನು ಯೋಚಿಸುವ ಮೊದಲೇ ಕೈ ತಿರುಗಿಸಿತು. ನಿನ್ನಕ್ಕನದೇ ರಾಗ. ಅವಳು ಮುಂದುಗಡೆ ಕೂತು ಹೆಣಿಗೆ ಹಾಕುತ್ತಾ, ತಲೆಯೆತ್ತದೆ, "ಏನ್ರೀ, ಆ ಟ್ಯಾಂಕು ಯಾಕೆ ಬಚ್ಚಿಟ್ಟುಕೊಳ್ತಿದೆ?" ಎನ್ನುತ್ತಿದ್ದಳು. ಇವಳಿಗೆ ಏನೂ ತಿಳಿಯದು, ಪಾಪ, ಎಂದು ನಾನು ಉತ್ತರ ಹೇಳುತ್ತಿದ್ದೆ. ತಿರುಗಿಸುತ್ತಲೂ ಇದ್ದೆ. ಹದಿನೇಳು ಸಲ. ನಿನ್ನ ಕಾಗದದಲ್ಲಿ ಟ್ಯಾಂಕು ಬಂದಾಗಲೂ ನನಗೆ ಯಾವ ಟ್ಯಾಂಕೆಂದು ನೆನಪಾಗಲಿಲ್ಲ. ನಾನು ಟ್ಯಾಂಕನ್ನು ಎಂದೂ ನೋಡಿರಲೇ ಇಲ್ಲ. ಪ್ರಶ್ನೆಯನ್ನು ಕೇಳಿದ್ದೆ, ಅಷ್ಟೇ.

ಹಳದಿ ಮನೆಯ ವಿಷಯ ಒಂದು ಮಾತು. ಅದನ್ನು ನೀನು ನಿನ್ನ ತಪ್ಪೆಂದುಕೊಂಡಿದ್ದೀಯ. ಅಲ್ಲ. ಮುಂದೆ ನೀರು ತೆಳುವಾದದ್ದು ನನಗೆ ಕಾಣುತ್ತಿತ್ತು. ಕೆಳಗಿನ ಮರಳೂ ಕಾಣುತ್ತಿತ್ತು. ಆದರೂ ತಿರುಗಿಸಿದೆ. ಹಾಗೆ ಕೇಳಿದ ಪ್ರಶ್ನೆಯನ್ನು ನಾನು ಮೀರಿದವನಲ್ಲ.

ನಿನ್ನೆ ಭಾನುವಾರ ಮಗಳು ದೋಣಿಗೆ ಬಂದಿದ್ದಳು. ಅವಳಿಗೆ ದಾರಿ ಗೊತ್ತು. ಆದರೆ ಅವಳು ಕೇಳುವುದಿಲ್ಲ, ಹೇಳುತ್ತಾಳೆ. "ಅಪ್ಪಾ, ಎಡಕ್ಕೆ! ಇನ್ನೂ! ಸಾಕು!" ಕಂಟೇನರು ಇಳಿಸಿದ ಹಾಗೆ. ನಾಲ್ಕು ಸಲ ಜಗಳವಾಯಿತು. ಅರ್ಧದಿಂದ ವಾಪಸು ಬಂದೆವು. ಹೀಗಾದರೆ ಕಷ್ಟ. ಹೋಟೆಲಿನವನು ಇನ್ನೂ ಫೋನು ಮಾಡುತ್ತಿದ್ದಾನೆ. ಕೊಟ್ಟುಬಿಡುವುದೇ ಸರಿಯೇನೋ.

ನಿನ್ನ ಟ್ರಂಕಿನಲ್ಲಿ ನಿನ್ನಕ್ಕನ ಕಾಗದ ಎಷ್ಟಿವೆ?

ಭಾವ


ಮೇ ೧೧

ಪ್ರಿಯ ಭಾವ,

ಹನ್ನೊಂದು.

ಉಣ್ಣೆಯಂಗಿ ಹುಡುಕಿದ್ದು ಸುಳ್ಳು. ಒಂದು ಗುರುತು ಇನ್ನೊಂದರ ಹಿಂದೆ ಮರೆಯಾದಾಗ ದೋಣಿ ತಿರುಗಿಸಬೇಕೆಂದು, ಅದನ್ನೇ ಅಕ್ಕ ಪ್ರಶ್ನೆ ಮಾಡಿ ಕೇಳುತ್ತಿದ್ದಳೆಂದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ನಿಮ್ಮನ್ನು ಮಹಾಕಪ್ತಾನರೆಂದು ಕರೆಯುತ್ತಿದ್ದೆ. ನಗೆಬರಹ ಬರೆಯುವವರ ಮರ್ಯಾದೆ ಅಷ್ಟರಲ್ಲೇ ಇದೆ. ನಿಮಗೆ ಹೇಳಬಾರದೆಂದು ಅಕ್ಕ ಆಣೆ ಹಾಕಿಸಿದ್ದಳು. ಅವಳದೇ ಸಾಲು ಇಳಿಸುತ್ತೇನೆ, ಆರು ವರ್ಷದ ಹಿಂದಿನ ಕಾಗದದ್ದು:

'ಇವರಿಗೆ ಹೇಳಿದರೆ ವಾದ ಮಾಡುತ್ತಾರೆ ಕಣೋ, ಕೇಳಿದರೆ ತಿರುಗಿಸುತ್ತಾರೆ. ಲಿಫ್ಟಿನವರಲ್ಲವೇ, ಗುಂಡಿ ಒತ್ತಿದ್ದು ತಾವೇ ಅಂತ ಇರಬೇಕು. ಇರಲಿ ಬಿಡು. ಅವರ ಕೈ ನೋಡಬೇಕು ನೀನು, ಗಾಳಿ ಜೋರಾದಾಗ. ನಾನು ದಾರಿ ಬಲ್ಲೆ, ನಿಜ. ಆದರೆ ಆ ಚುಕ್ಕಾಣಿ ನನ್ನ ಕೈಲಿ ಒಂದು ಗಳಿಗೆ ನಿಲ್ಲುವುದಿಲ್ಲ. ನೋಡಿದ್ದೇನೆ ಪ್ರಯತ್ನಿಸಿ.'

ಆದ್ದರಿಂದ ನಿಮ್ಮ ತಿದ್ದುಪಡಿಯನ್ನು ತಿರಸ್ಕರಿಸಲಾಗಿದೆ. 'ನುರಿತ ಕಪ್ತಾನ' ಅಚ್ಚಾಗಿಹೋಯಿತು. ಸಂಪಾದಕರು ಅದನ್ನು ವ್ಯಂಗ್ಯವೆಂದು ತಿಳಿದು ಮೆಚ್ಚಿಕೊಂಡರು.

ಹನ್ನೊಂದೂ ಕಾಗದಗಳಿಂದ ಪ್ರಶ್ನೆಗಳನ್ನು ಆರಿಸಿ, ಮಗಳ ಬಂದರಿಗೆ ಬರುವ ದಾರಿಯ ಕ್ರಮದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಲಗತ್ತಿಸಿದ್ದೇನೆ. ಒಟ್ಟು ಒಂಬತ್ತು. ಹೊರಗೆ ಹೋಗುವಾಗ ಕೆಳಗಿನಿಂದ ಮೇಲಕ್ಕೆ ಓದಿ, ನಿಮಗೆ ಅಭ್ಯಾಸವಿದೆ. ಏಳನೆಯದರಲ್ಲಿ 'ಹಳದಿ' ಹೊಡೆದುಹಾಕಿ 'ಬಿಳಿ' ಎಂದು ಮಾಡಿದ್ದೇನೆ. ಅವಳ ಮಾತನ್ನು ನಾನು ತಿದ್ದಿದ್ದು ಜನ್ಮದಲ್ಲಿ ಇದೊಂದೇ ಸಲ.

ಒಂಬತ್ತನೆಯ ಪ್ರಶ್ನೆಗೆ ದೋಣಿ ತಿರುಗಿಸಬೇಕಾಗಿಲ್ಲ. ಕಟ್ಟೆ ತಾಗಿದಾಗಲೆಲ್ಲ ಕೇಳುತ್ತಿದ್ದಳಂತೆ.

ಭಾಮೈದ


ಮೇ ೨೫

ಚಿ. ಭಾಮೈದನಿಗೆ,

ನಿನ್ನ ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಹಾಯಿ ಕಂಬಕ್ಕೆ ಬಿಗಿದಿದ್ದೇನೆ. ಎರಡು ತಿರುಪು.

ಹೋಟೆಲಿನವನಿಗೆ ಒಂದು ಹಳೆಯ ಲಿಫ್ಟ್ ಪೆಟ್ಟಿಗೆ ಕೊಡಿಸಿದೆ. ಬಾಗಿಲ ಮುಂದಿಟ್ಟು ಮಣ್ಣು ತುಂಬಿದ್ದಾನೆ. ನಾನೇ ಹೋಗಿ ತಪಾಸಣೆ ಮಾಡಿ ಬಂದೆ. ಭಾರ ಮಿತಿಯೊಳಗಿದೆ. ಸೇವಂತಿಗೆ ಚೆನ್ನಾಗಿ ಬರುತ್ತಿದೆ.

ನಿನ್ನೆ ಒಬ್ಬನೇ ಜೋಡಿ ಗುಡ್ಡದವರೆಗೆ ಹೋಗಿ ಬಂದೆ. ಪ್ರಶ್ನೆಗಳನ್ನು ನಾನೇ ಗಟ್ಟಿಯಾಗಿ ಓದಿದೆ, ನಾನೇ ಉತ್ತರ ಹೇಳಿದೆ. ಪಕ್ಕದ ದೋಣಿಯವರು ತಿರುಗಿ ನೋಡಿದರು. ನೋಡಲಿ. ಬಿಳಿ ಮನೆ ನಿಜಕ್ಕೂ ನಾಜೂಕಾಗಿ ಸರಿಯುತ್ತದೆ, ನಾನು ಗಮನಿಸಿರಲಿಲ್ಲ. ಮಗಳು ಕ್ರೇನ್ ಮೇಲಿಂದ ಕೈ ಬೀಸಿದಳಂತೆ. ಅದನ್ನೂ ಗಮನಿಸಲಿಲ್ಲ.

ಕಟ್ಟೆ ತಾಗಿದಾಗ ಒಂಬತ್ತನೆಯದನ್ನು ಓದಿದೆ. "ಬಂದ್ವೇನ್ರೀ?" ಎಂದಿದೆ. ಬಂದ್ವಿ ಎಂದೆ.

ಗಾಳಿ ಸರಿಯಾಗಿತ್ತು.

ಭಾವ